ಕೆರೆಗಳ ನಕ್ಷೆ ಗೋಡೆಯ ಮೇಲೂ ಓದಿಸಿಕೊಳ್ಳಬೇಕಾದರೆ

ಪ್ರಶ್ನೆ: ನಾವು ಕೋಲಾರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕೆರೆಗಳ ಉಳಿವಿಗಾಗಿ ಕೆಲಸ ಮಾಡುತ್ತಿರುವ ಸಣ್ಣ ಗುಂಪು. ತಾಲ್ಲೂಕಿನ 140 ಕೆರೆ–ಕುಂಟೆಗಳನ್ನು ಗುರುತಿಸಿ, ಕ್ಯೂಜಿಐಎಸ್ ತಂತ್ರಾಂಶದಲ್ಲಿ ನಕ್ಷೆ ಮಾಡಿ, ಎ3 ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಿಸಿ ಗ್ರಾಮ ಪಂಚಾಯಿತಿ ಕಚೇರಿಗಳ ಗೋಡೆಗೆ ಹಾಕಿಸಿದ್ದೇವೆ. ತಾಲ್ಲೂಕು ಉತ್ತರ–ದಕ್ಷಿಣವಾಗಿ ಸುಮಾರು 36 ಕಿ.ಮೀ., ಪೂರ್ವ–ಪಶ್ಚಿಮವಾಗಿ ಸುಮಾರು 25 ಕಿ.ಮೀ. ಇದೆ. ಉಪಗ್ರಹ ಚಿತ್ರದ ಮೇಲೆ ಗ್ರಾಮಗಳ ಗಡಿ, ರಸ್ತೆ, ರೈಲು ಮಾರ್ಗ, ಕೆರೆ, ಕಾಲುವೆ, ಶಾಲೆ, ಕೊಳವೆಬಾವಿ ಎಲ್ಲವನ್ನೂ ಹೆಸರು ಸಹಿತ ಹಾಕಿದ್ದೇವೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಗೋಡೆಯ ಮೇಲೆ ಮಾತ್ರ ಯಾರೂ ಓದುತ್ತಿಲ್ಲ. ‘ಇದರಲ್ಲಿ ನಮ್ಮೂರ ಕೆರೆ ಎಲ್ಲಿದೆ?’ ಎಂದು ನಮ್ಮನ್ನೇ ಕೇಳುತ್ತಾರೆ. ಶೀರ್ಷಿಕೆ, ಸೂಚಿ (ಗುರುತುಗಳ ವಿವರ), ಅಳತೆಪಟ್ಟಿ (ನೆಲದ ದೂರ ತೋರಿಸುವ ಗೆರೆ), ಉತ್ತರದ ಬಾಣ ಎಲ್ಲೆಲ್ಲಿರಬೇಕು, ಬಣ್ಣ ಮತ್ತು ಅಕ್ಷರ ಹೇಗಿರಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಯೊಂದಿಗೆ ಬಂದ ಪಿಡಿಎಫ್ ಕಡತವನ್ನು ನಾನು ಎರಡು ಬಾರಿ ನೋಡಿದೆ. ಮೊದಲು ಪರದೆಯ ಮೇಲೆ, ಬೇಕಾದಷ್ಟು ಹಿಗ್ಗಿಸಿಕೊಂಡು ನೋಡಿದೆ. ಆಮೇಲೆ ಎ3 ಹಾಳೆಯಲ್ಲಿ ಮುದ್ರಿಸಿ, ಗೋಡೆಗೆ ಅಂಟಿಸಿ, ಐದು ಅಡಿ ಹಿಂದೆ ನಿಂತು ನೋಡಿದೆ. ಮೊದಲ ಸಲ ನಿಮ್ಮ ಶ್ರಮ ಕಾಣಿಸಿತು. ಎರಡನೆಯ ಸಲ ಹಸಿರು–ಕಂದು ಬಣ್ಣದ ಹಚ್ಚಡವೊಂದರ ಮೇಲೆ ಇರುವೆಗಳ ಸಾಲು ಹರಿದಾಡುತ್ತಿರುವಂತೆ ಕಾಣಿಸಿತು. ನಕ್ಷೆಯಲ್ಲಿ ತಪ್ಪು ಮಾಹಿತಿ ಇದೆ ಎಂದು ನಾನು ಹೇಳುತ್ತಿಲ್ಲ. ಪರದೆಯಲ್ಲಿ ಹಿಗ್ಗಿಸುವ ಅನುಕೂಲವಿರುವುದರಿಂದ ನಾವು ಒಂದೇ ಹಾಳೆಗೆ ಹತ್ತು ನಕ್ಷೆಗಳ ಸಾಮಗ್ರಿಯನ್ನು ತುಂಬಿಬಿಡುತ್ತೇವೆ, ಕಾಗದಕ್ಕೆ ಆ ಅನುಕೂಲವಿಲ್ಲ ಎಂಬುದು ಮುದ್ರಣವಾದ ಮೇಲಷ್ಟೇ ನೆನಪಾಗುತ್ತದೆ. ಇದು ನಿಮ್ಮೊಬ್ಬರದೇ ಸಮಸ್ಯೆಯಲ್ಲ.

ಶೀರ್ಷಿಕೆ ಎಲ್ಲಿ, ಬಾಣ ಎಲ್ಲಿ ಎಂದು ಕೇಳಿದ್ದೀರಿ. ಅದನ್ನು ಕೊನೆಗೆ ಹೇಳುತ್ತೇನೆ, ಏಕೆಂದರೆ ಅದು ಕೊನೆಗೇ ತೀರ್ಮಾನವಾಗಬೇಕಾದ ವಿಷಯ. ಮೊದಲು ತೀರ್ಮಾನವಾಗಬೇಕಾದದ್ದು ಈ ನಕ್ಷೆಯ ಮುಂದೆ ಯಾರು, ಎಷ್ಟು ದೂರದಲ್ಲಿ, ಯಾವ ಪ್ರಶ್ನೆ ಹೊತ್ತು ನಿಲ್ಲುತ್ತಾರೆ ಎಂಬುದು. ನಿಮ್ಮ ಓದುಗರು ತಮ್ಮ ಮೊದಲ ಪ್ರಶ್ನೆಯನ್ನು ಆಗಲೇ ಹೇಳಿಬಿಟ್ಟಿದ್ದಾರೆ: ನಮ್ಮೂರ ಕೆರೆ ಎಲ್ಲಿದೆ? ಅದು ಸಿಕ್ಕಿದ ಕೂಡಲೇ ಇನ್ನೆರಡು ಪ್ರಶ್ನೆಗಳು ಬರುತ್ತವೆ: ನಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ನಮ್ಮ ಕೆರೆ ಕೋಡಿ ಹರಿದರೆ ಯಾವ ಕೆರೆಗೆ ಹೋಗುತ್ತದೆ? ಬಯಲುಸೀಮೆಯ ಕೆರೆಗಳು ಒಂಟಿ ಗುಂಡಿಗಳಲ್ಲ, ಒಂದರ ಕೋಡಿ ಇನ್ನೊಂದರ ಒಡಲಿಗೆ ಸೇರುವ ಸರಣಿಗಳು. ಈ ಸರಣಿ ನಿಮ್ಮ ನಕ್ಷೆಯಲ್ಲಿ ಇಲ್ಲವೆಂದಲ್ಲ, ಇದೆ; ಆದರೆ ಶಾಲೆ, ಕೊಳವೆಬಾವಿ ಮತ್ತು ರೈಲು ಮಾರ್ಗಗಳ ನಡುವೆ ಹೂತುಹೋಗಿದೆ. ‘ತಾಲ್ಲೂಕಿನಲ್ಲಿ ಏನೇನಿದೆ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ನಕ್ಷೆಯೇ ಬೇರೆ, ‘ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ’ ಎಂಬುದಕ್ಕೆ ಉತ್ತರ ಕೊಡುವ ನಕ್ಷೆಯೇ ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಮುಂದೆ ಹೇಳುವ ಪ್ರತಿಯೊಂದು ಸಲಹೆಯೂ ಈ ಒಂದು ಆಯ್ಕೆಯಿಂದಲೇ ಹುಟ್ಟುತ್ತದೆ.

ಈಗ ಕಾಗದದ ಲೆಕ್ಕಕ್ಕೆ ಬರೋಣ. ಎ3 ಹಾಳೆ 297 ಮಿ.ಮೀ. ಅಗಲ, 420 ಮಿ.ಮೀ. ಎತ್ತರ. ಅಂಚು ಮತ್ತು ಶೀರ್ಷಿಕೆಗೆ ಜಾಗ ಬಿಟ್ಟರೆ ನಕ್ಷೆಗೆ ಉಳಿಯುವ ಎತ್ತರ ಸುಮಾರು 360 ಮಿ.ಮೀ. ಅದರಲ್ಲಿ 36 ಕಿ.ಮೀ. ಕೂರಿಸಿದರೆ ಸ್ಕೇಲ್ 1:1,00,000 ಆಗುತ್ತದೆ. ಅಂದರೆ ಹಾಳೆಯ ಒಂದು ಮಿಲಿಮೀಟರು ನೆಲದ ಮೇಲೆ ನೂರು ಮೀಟರು. ಐದು ಎಕರೆಯ ಕುಂಟೆಯೊಂದು ಹೆಚ್ಚೂಕಡಿಮೆ 142 ಮೀಟರು ಚಚ್ಚೌಕವೆಂದು ಇಟ್ಟುಕೊಂಡರೆ ಹಾಳೆಯ ಮೇಲೆ ಅದು ಒಂದೂವರೆ ಮಿಲಿಮೀಟರಿನಷ್ಟೂ ಇಲ್ಲ. ಅರ್ಧ ಎಕರೆಯ ಗೋಕಟ್ಟೆ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಅಂದರೆ ಪೆನ್ನಿನ ಮೊನೆ ತಾಗಿದ ಗುರುತು. ಇನ್ನು ರಸ್ತೆಯನ್ನು ನೋಡಿ: ಕ್ಯೂಜಿಐಎಸ್ ತಾನಾಗಿ ಎಳೆಯುವ ಗೆರೆಯ ದಪ್ಪ 0.26 ಮಿ.ಮೀ.; ಈ ಸ್ಕೇಲಿನಲ್ಲಿ ಅದು ನೆಲದ ಮೇಲೆ 26 ಮೀಟರು ಅಗಲದ ರಸ್ತೆಯಾಯಿತು. ನಿಮ್ಮ ಹಳ್ಳಿಯ ರಸ್ತೆ ಹೆದ್ದಾರಿಯಷ್ಟು ಅಗಲವಾಗಿ, ಕುಂಟೆ ಸಾಸಿವೆ ಕಾಳಾಗಿ ಕಾಣುತ್ತಿರುವುದಕ್ಕೆ ಕಾರಣ ಇದೇ.

ಓದುವ ದೂರವನ್ನೂ ಇದರ ಜೊತೆಗಿಟ್ಟು ನೋಡಬೇಕು. ಗೋಡೆಯ ಮೇಲಿನ ಅಕ್ಷರ ನಿರಾಯಾಸವಾಗಿ ಓದಿಸಿಕೊಳ್ಳಬೇಕಾದರೆ ಅದರ ಎತ್ತರ ಓದುವ ದೂರದ ಮುನ್ನೂರರಲ್ಲಿ ಒಂದು ಪಾಲಾದರೂ ಇರಬೇಕು ಎಂಬುದು ನಾನು ಬಳಸುವ ಲೆಕ್ಕ. ಒಂದೂವರೆ ಮೀಟರಿನಿಂದ ಓದಬೇಕಾದರೆ ಐದು ಮಿ.ಮೀ., ಒಂದು ಮೀಟರಿನಿಂದಾದರೆ ಸುಮಾರು 3.3 ಮಿ.ಮೀ. ಎಂದಾಯಿತು. ಇಲ್ಲಿ ಎತ್ತರವೆಂದರೆ ತಂತ್ರಾಂಶ ತೋರಿಸುವ ಪಾಯಿಂಟ್ ಸಂಖ್ಯೆಯಲ್ಲ, ಮುದ್ರಿತ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆದ ‘ಕ’ ಅಕ್ಷರದ ಎತ್ತರ. ಒಂದೇ ಪಾಯಿಂಟಿನಲ್ಲಿ ಎರಡು ಕನ್ನಡ ಫಾಂಟುಗಳು ಬೇರೆ ಬೇರೆ ಗಾತ್ರದಲ್ಲಿ ಕಾಣುತ್ತವೆ, ಆದ್ದರಿಂದ ಪಾಯಿಂಟನ್ನು ನಂಬಬೇಡಿ.

ಈ ಎರಡು ಲೆಕ್ಕಗಳನ್ನು ಕೂಡಿಸಿದರೆ ಎ3 ಹಾಳೆ ಗೋಡೆಗಲ್ಲ, ಕೈಗೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಗೋಡೆಗೆ ಎ1 ಹಾಳೆ ಬಳಸಿ. ಅದು 594 ಮಿ.ಮೀ. ಅಗಲ, 841 ಮಿ.ಮೀ. ಎತ್ತರವಿದ್ದು, 1:50,000 ಸ್ಕೇಲಿನಲ್ಲಿ ನಿಮ್ಮ ತಾಲ್ಲೂಕು 500ಕ್ಕೆ 720 ಮಿ.ಮೀ. ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳೂ ಇದೇ ಸ್ಕೇಲಿನಲ್ಲಿರುವುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದೆಂಬುದು ಇನ್ನೊಂದು ಲಾಭ. ಅಷ್ಟು ದೊಡ್ಡ ಮುದ್ರಣಕ್ಕೆ ಹಣವಿಲ್ಲವೆಂದಾದರೆ ಇಡೀ ತಾಲ್ಲೂಕನ್ನು ಎ3ಯಲ್ಲಿ ಹಿಂಡುವ ಬದಲು ಪ್ರತಿ ಪಂಚಾಯಿತಿಗೆ ಅದರದೇ ಕೆರೆ ಸರಣಿಯ ಎ3 ನಕ್ಷೆಯನ್ನು ಮಾಡಿಕೊಡಿ. ಕ್ಯೂಜಿಐಎಸ್‌ನ ಅಟ್ಲಾಸ್ ಸೌಲಭ್ಯದಲ್ಲಿ ಒಂದೇ ವಿನ್ಯಾಸದಿಂದ ಎಲ್ಲ ಪಂಚಾಯಿತಿಗಳ ಹಾಳೆಗಳೂ ಒಟ್ಟಿಗೆ ಹೊರಬರುತ್ತವೆ.

ಮುಂದಿನ ಕೆಲಸ ತೆಗೆಯುವುದು. ಮೊದಲು ಉಪಗ್ರಹ ಚಿತ್ರವನ್ನು ತೆಗೆಯಿರಿ. ಅದು ನೋಡಲು ಚೆಂದ, ಕೆರೆಯ ಅಂಗಳವನ್ನು ಗುರುತಿಸುವಾಗ ಅದಿಲ್ಲದೆ ಕೈಯೇ ಆಡುವುದಿಲ್ಲ. ಆದರೆ ಮುದ್ರಿತ ನಕ್ಷೆಯಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿನಲ್ಲೂ ಬೇರೆ ಬೇರೆ ಬಣ್ಣ ಚೆಲ್ಲಿ, ಮೇಲೆ ಬರೆದದ್ದೆಲ್ಲವನ್ನೂ ನುಂಗುತ್ತದೆ. ಬೇಸಿಗೆಯ ಚಿತ್ರದಲ್ಲಿ ಒಣಗಿದ ಕೆರೆಯ ಅಂಗಳಕ್ಕೂ ಪಕ್ಕದ ಉಳುಮೆ ಹೊಲಕ್ಕೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವೇ ಇರುವುದಿಲ್ಲ. ಶಾಲೆ ಮತ್ತು ಕೊಳವೆಬಾವಿಗಳು ಹೋಗಲಿ. ರೈಲು ಮಾರ್ಗ ಇರಲಿ, ಏಕೆಂದರೆ ಹಳಿಯ ದಿಬ್ಬ ಎಷ್ಟೋ ಕಡೆ ಕಾಲುವೆಗೆ ಅಡ್ಡ ನಿಂತಿರುತ್ತದೆ. ಆದರೆ ತೆಳುವಾಗಿ ಇರಲಿ. ರಸ್ತೆಗಳಲ್ಲಿ ಹೆದ್ದಾರಿಯನ್ನೂ ಊರಿನಿಂದ ಊರಿಗೆ ಹೋಗುವ ಮುಖ್ಯ ರಸ್ತೆಗಳನ್ನೂ ಉಳಿಸಿಕೊಂಡು ಉಳಿದವನ್ನು ಬಿಡಿ. ಜನರು ನಕ್ಷೆಯಲ್ಲಿ ತಮ್ಮ ಊರನ್ನು ಹುಡುಕುವುದು ರಸ್ತೆಯ ಜಾಡು ಹಿಡಿದು, ಆದ್ದರಿಂದ ರಸ್ತೆಗಳನ್ನು ಪೂರ್ತಿ ತೆಗೆಯುವಂತಿಲ್ಲ. ಕಷ್ಟಪಟ್ಟು ಸಂಗ್ರಹಿಸಿದ್ದನ್ನು ಬಿಡುವಾಗ ಹೊಟ್ಟೆ ಉರಿಯುತ್ತದೆ, ನನಗೂ ಉರಿದಿದೆ. ಆ ಮಾಹಿತಿ ನಿಮ್ಮ ಕಡತದಲ್ಲಿ ಹಾಗೆಯೇ ಇರುತ್ತದೆ, ಇನ್ನೊಂದು ನಕ್ಷೆಗೆ ಒದಗುತ್ತದೆ.

ಉಳಿದದ್ದರಲ್ಲಿ ಯಾವುದು ಕಣ್ಣಿಗೆ ಮೊದಲು ಬೀಳಬೇಕು, ಯಾವುದು ಎರಡನೆಯದು, ಯಾವುದು ಹಿನ್ನೆಲೆ ಎಂಬ ಸಾಲನ್ನು ನಿರ್ಧರಿಸಿ. ಕೆರೆ ಮೊದಲು, ಕಾಲುವೆ ಎರಡನೆಯದು, ಊರು ಮೂರನೆಯದು, ರಸ್ತೆ ಮತ್ತು ಗಡಿಗಳು ಕೊನೆಗೆ. ಫ್ರಾನ್ಸಿನ ನಕ್ಷಾತಜ್ಞ ಜಾಕ್ ಬರ್ಟಿನ್ 1967ರಲ್ಲಿಯೇ ವಿವರವಾಗಿ ತೋರಿಸಿಕೊಟ್ಟ ಸಂಗತಿಯೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಬಣ್ಣದ ಜಾತಿ, ಅಂದರೆ ಕೆಂಪೋ ಹಸಿರೋ ನೀಲಿಯೋ ಎಂಬುದು, ‘ಇದು ಬೇರೆ, ಅದು ಬೇರೆ’ ಎಂದು ಹೇಳಬಲ್ಲದೇ ಹೊರತು ‘ಇದು ಹೆಚ್ಚು, ಅದು ಕಡಿಮೆ’ ಎಂದು ಹೇಳಲಾರದು, ಹೆಚ್ಚು–ಕಡಿಮೆಯನ್ನು ಹೇಳುವುದು ಬಣ್ಣದ ಗಾಢತೆ ಮತ್ತು ಗುರುತಿನ ಗಾತ್ರ. ನಿಮ್ಮ ನಕ್ಷೆಯಲ್ಲಿ ಗ್ರಾಮಗಡಿ ಅಚ್ಚಕೆಂಪು, ರಸ್ತೆ ಕಿತ್ತಳೆ, ರೈಲು ಮಾರ್ಗ ಕಪ್ಪು, ಕಾಲುವೆ ಆಕಾಶನೀಲಿ ಆಗಿವೆ. ಎಲ್ಲವೂ ಬೇರೆ ಬೇರೆ ಎಂಬುದು ತಿಳಿಯುತ್ತದೆ, ಸರಿ. ಆದರೆ ಎಲ್ಲಕ್ಕಿಂತ ತೆಳು, ಎಲ್ಲಕ್ಕಿಂತ ಮಂಕು ಆಗಿರುವುದು ನೀವು ತೋರಿಸಬೇಕಾಗಿದ್ದ ಕಾಲುವೆಯೇ. ಮದುವೆ ಮನೆಯಲ್ಲಿ ವಧೂವರರನ್ನು ಕಂಬದ ಹಿಂದೆ ಕೂರಿಸಿದಂತಾಗಿದೆ.

ಕೆರೆಗೆ ಗಾಢ ನೀಲಿಯನ್ನೂ ಕಾಲುವೆಗೆ ಅದೇ ಗಾಢ ನೀಲಿಯ ಅರ್ಧ ಮಿಲಿಮೀಟರು ದಪ್ಪದ ಗೆರೆಯನ್ನೂ ಕೊಡಿ. ರಸ್ತೆ, ರೈಲು, ಗಡಿ ಮೂರೂ ಬೂದು ಬಣ್ಣದ ಛಾಯೆಗಳಲ್ಲಿರಲಿ. ಬಣ್ಣದಿಂದಲ್ಲ, ಗೆರೆಯ ಬಗೆಯಿಂದ ಅವು ಬೇರ್ಪಡಲಿ. ರಸ್ತೆಗೆ ಇಡೀ ಗೆರೆ, ಪಂಚಾಯಿತಿ ಗಡಿಗೆ ಚುಕ್ಕೆ ಗೆರೆ, ರೈಲಿಗೆ ಎಲ್ಲರಿಗೂ ಪರಿಚಿತವಾದ ಅಡ್ಡಗೀಟು ಗೆರೆ ಸಾಕು. ಹಿನ್ನೆಲೆಗೆ ಬಣ್ಣ ಬೇಕೇಬೇಕು ಎನಿಸಿದರೆ ಪಂಚಾಯಿತಿಗೊಂದು ಬಣ್ಣ ಬಳಿಯಬೇಡಿ. ಬದಲಿಗೆ ಪಾಲಾರ್ ಕಡೆಗೆ ಹರಿಯುವ ಭಾಗಕ್ಕೆ ಒಂದು, ದಕ್ಷಿಣ ಪಿನಾಕಿನಿ ಕಡೆಗೆ ಹರಿಯುವ ಭಾಗಕ್ಕೆ ಇನ್ನೊಂದು, ಹೀಗೆ ಜಲಾನಯನಕ್ಕೊಂದು ಅತಿ ತೆಳುವಾದ ಛಾಯೆ ಕೊಟ್ಟರೆ ಹಿನ್ನೆಲೆಯೂ ನೀರಿನ ಮಾತನ್ನೇ ಆಡುತ್ತದೆ.

ಹರಿವಿನ ದಿಕ್ಕನ್ನು ತೋರಿಸಲು ನೀವು ಕಾಲುವೆಗಳ ಮೇಲೆ ಬಾಣದ ಗುರುತುಗಳನ್ನು ಸುರಿದಿದ್ದೀರಿ. ಅದಕ್ಕಿಂತ ಸರಳವಾದ ದಾರಿಯೊಂದು ನಮ್ಮ ಕೆರೆಯ ರಚನೆಯಲ್ಲೇ ಇದೆ. ಕೆರೆಗೆ ಏರಿ ಇರುವುದು ತಗ್ಗಿನ ಕಡೆಗೆ ಮಾತ್ರ. ನೀರು ಬರುವ ಕಡೆ ಅಂಗಳ ತೆರೆದೇ ಇರುತ್ತದೆ. ಆದ್ದರಿಂದ ಕೆರೆಯ ಸುತ್ತ ಒಂದೇ ದಪ್ಪದ ಗೆರೆ ಎಳೆಯುವ ಬದಲು ಏರಿಯ ಭಾಗಕ್ಕೆ ಮಾತ್ರ ದಪ್ಪನೆಯ ಕಪ್ಪು ಗೆರೆ ಎಳೆದು, ಕೋಡಿ ಇರುವಲ್ಲಿ ಚಿಕ್ಕದೊಂದು ತ್ರಿಕೋನ ಇಟ್ಟುಬಿಟ್ಟರೆ ಸಾಕು. ಕೆರೆ ನೋಡಿ ಬೆಳೆದ ಯಾರಿಗೂ ಸೂಚಿ ನೋಡುವ ಅಗತ್ಯವೇ ಇಲ್ಲ, ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ ಎಂಬುದು ಒಂದು ನೋಟಕ್ಕೆ ತಿಳಿದುಬಿಡುತ್ತದೆ. ತೂಬುಗಳನ್ನು ಈ ಸ್ಕೇಲಿನಲ್ಲಿ ತೋರಿಸಲು ಹೋಗಬೇಡಿ, ಅವು ಪಂಚಾಯಿತಿ ಮಟ್ಟದ ಹಾಳೆಗೆ ಸೇರಿದವು.

ಒಂದು ತೀರ್ಮಾನವನ್ನು ಮಾತ್ರ ನೀವೇ ಮಾಡಬೇಕು. ಕೆರೆ ಎಂದು ನೀವು ಬಣ್ಣ ತುಂಬಿರುವುದು ನೀರು ನಿಂತ ಜಾಗಕ್ಕೋ, ದಾಖಲೆಯಲ್ಲಿರುವ ಕೆರೆಯ ಇಡೀ ಅಂಗಳಕ್ಕೋ? ಎರಡೂ ಒಂದೇ ಅಲ್ಲ, ಒತ್ತುವರಿಯ ಮಾತು ಬಂದಾಗ ಜಗಳ ಹತ್ತುವುದೇ ಈ ವ್ಯತ್ಯಾಸದಲ್ಲಿ. ನನ್ನ ಸಲಹೆ, ದಾಖಲೆಯ ಅಂಗಳವನ್ನು ತೆಳು ನೀಲಿಯಲ್ಲಿಯೂ ನೀರು ನಿಲ್ಲುವ ಭಾಗವನ್ನು ಗಾಢ ನೀಲಿಯಲ್ಲಿಯೂ ತೋರಿಸಿ, ನೀರಿನ ವಿಸ್ತಾರ ಯಾವ ತಿಂಗಳ, ಯಾವ ವರ್ಷದ ಚಿತ್ರದಿಂದ ತೆಗೆದದ್ದು ಎಂಬುದನ್ನು ಹಾಳೆಯ ಮೇಲೆಯೇ ಬರೆಯುವುದು. ಜೊತೆಗೆ ‘ಈ ನಕ್ಷೆ ಗಡಿ ನಿರ್ಣಯಕ್ಕೆ ಆಧಾರವಲ್ಲ’ ಎಂಬ ಒಂದು ಸಾಲು ಇರಲಿ. 1:50,000ರಲ್ಲಿ ಅರ್ಧ ಮಿಲಿಮೀಟರಿನ ಗೆರೆಯೇ ನೆಲದ ಮೇಲೆ 25 ಮೀಟರು ನುಂಗುತ್ತದೆ. ಅದನ್ನು ಹಿಡಿದುಕೊಂಡು ಯಾರೂ ಸರ್ವೆ ನಂಬರಿನ ಬಾಂದುಕಲ್ಲು ಹುಡುಕಬಾರದು.

ಬಣ್ಣದ ವಿಷಯದಲ್ಲಿ ಇನ್ನೊಂದು ಮಾತು. ನಿಮ್ಮ ನಕ್ಷೆ ಪಂಚಾಯಿತಿ ಕಚೇರಿಗೆ ಹೋದ ಮೇಲೆ ಅದರ ಝೆರಾಕ್ಸ್ ಪ್ರತಿಗಳು ಖಂಡಿತ ಹುಟ್ಟಿಕೊಳ್ಳುತ್ತವೆ. ಕಪ್ಪುಬಿಳುಪಾದಾಗ ನಿಮ್ಮ ಕೆಂಪು ಗಡಿಯೂ ನೀಲಿ ಕೆರೆಯೂ ಒಂದೇ ಬೂದು ಬಣ್ಣವಾಗುತ್ತವೆ. ಕೆಂಪು–ಹಸಿರು ಬೇರೆ ಮಾಡಲಾಗದ ಕಣ್ಣಿನವರಿಗೂ ಹೆಚ್ಚೂಕಡಿಮೆ ಇದೇ ತೊಂದರೆ. ಕ್ಯೂಜಿಐಎಸ್‌ನ ಲೇಔಟ್ ಕಿಟಕಿಯಲ್ಲಿ ‘ವ್ಯೂ’ ಪಟ್ಟಿಯ ‘ಪ್ರಿವ್ಯೂ’ ಎಂಬಲ್ಲಿ ನಕ್ಷೆ ಝೆರಾಕ್ಸ್‌ನಲ್ಲಿ ಹೇಗೆ ಕಾಣುತ್ತದೆ, ಬಣ್ಣಗುರುಡು ಇರುವವರಿಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ಆಯ್ಕೆಗಳಿವೆ. ಬಹಳ ಜನ ಅದನ್ನು ತೆರೆದೇ ನೋಡಿರುವುದಿಲ್ಲ. ಕಪ್ಪುಬಿಳುಪಿನಲ್ಲಿ ಉಳಿದುಕೊಂಡ ವಿನ್ಯಾಸಕ್ಕೆ ಬಣ್ಣ ಹಾಕುವುದು ಸುಲಭ, ಬಣ್ಣವನ್ನೇ ನೆಚ್ಚಿಕೊಂಡ ವಿನ್ಯಾಸವನ್ನು ಕಪ್ಪುಬಿಳುಪಿಗೆ ಇಳಿಸುವುದು ಆಗದ ಕೆಲಸ.

ಇನ್ನು ಅಕ್ಷರ. ನಿಮ್ಮ ನಕ್ಷೆ ಹೆಚ್ಚು ಸೋತಿರುವುದು ಇಲ್ಲಿ, ಮತ್ತು ತಪ್ಪು ಪೂರ್ತಿ ನಿಮ್ಮದಲ್ಲ. ನಕ್ಷೆಯಲ್ಲಿ ಹೆಸರು ಬರೆಯುವ ಪದ್ಧತಿಗಳೆಲ್ಲ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದವು, ತಂತ್ರಾಂಶಗಳೂ ಅವನ್ನೇ ಪಾಲಿಸುತ್ತವೆ. ಸ್ವಿಟ್ಜರ್ಲೆಂಡಿನ ನಕ್ಷಾಕಾರ ಎಡ್ವರ್ಡ್ ಇಮ್‌ಹೋಫ್ 1962ರಲ್ಲಿ ಹೆಸರುಗಳ ಜಾಗದ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ, ಊರಿನ ಚುಕ್ಕೆಯ ಬಲಕ್ಕೆ ತುಸು ಮೇಲೆ ಹೆಸರು ಬರುವುದು ಉತ್ತಮ ಎಂದಿದ್ದಾರೆ. ರೋಮನ್ ಲಿಪಿಯಲ್ಲಿ ಗೆರೆಯಿಂದ ಕೆಳಗೆ ಇಳಿಯುವ ಅಕ್ಷರಗಳು ಕಡಿಮೆಯಾದ್ದರಿಂದ ಅಲ್ಲಿ ಇದು ಹೊಂದುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ ಇಳಿಯುತ್ತವೆ. ‘ಚಿಕ್ಕತಿರುಪತಿ’ ಎಂಬ ಹೆಸರನ್ನು ಚುಕ್ಕೆಯ ನೆತ್ತಿಗೆ ಒತ್ತಿ ಬರೆದು ನೋಡಿ, ‘ಕ್ಕ’ದ ಒತ್ತು ನೇರ ಚುಕ್ಕೆಯ ಮೇಲೆಯೇ ಕೂರುತ್ತದೆ. ಆದ್ದರಿಂದ ಕನ್ನಡದಲ್ಲಿ ಹೆಸರನ್ನು ಚುಕ್ಕೆಯ ನೇರ ಬಲಕ್ಕೆ ಇಡುವುದು ಮೊದಲ ಆಯ್ಕೆಯಾಗಲಿ, ಅಲ್ಲಿ ಜಾಗವಿಲ್ಲದಿದ್ದರೆ ಕೆಳಗೆ ಇಡಿ. ಮೇಲಿಡಬೇಕಾಗಿ ಬಂದರೆ ಒತ್ತಿಗೆಂದು ಹೆಚ್ಚುವರಿ ಅಂತರ ಬಿಡಿ.

ಎರಡು ಸಾಲಿನ ಹೆಸರುಗಳಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಮೇಲಿನ ಸಾಲಿನ ಒತ್ತಕ್ಷರಕ್ಕೂ ಕೆಳಗಿನ ಸಾಲಿನ ಗುಡಿಸಿಗೂ ಡಿಕ್ಕಿಯಾಗುತ್ತದೆ. ಸಾಲಿನ ಅಂತರವನ್ನು ತಂತ್ರಾಂಶ ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚಿಸಿ. ಹೆಸರನ್ನು ಎಲ್ಲಿ ಮುರಿಯಬೇಕೆಂಬುದನ್ನು ಯಂತ್ರಕ್ಕೆ ಬಿಡದೆ, ಹೆಸರಿನ ಕಾಲಂನಲ್ಲೇ ‘ಸೋಮಾಂಬುಧಿ|ಅಗ್ರಹಾರ’ ಎಂದು ಗೀಟು ಹಾಕಿಟ್ಟು, ಆ ಗೀಟಿನಲ್ಲಿ ಮಾತ್ರ ಸಾಲು ಮುರಿಯುವಂತೆ ಲೇಬಲ್ ವ್ಯವಸ್ಥೆಯಲ್ಲಿ ಸೂಚಿಸಿ.

ರೋಮನ್ ಲಿಪಿಯ ನಕ್ಷೆಗಳಲ್ಲಿ ನೀರಿನ ಹೆಸರುಗಳಿಗೆ ಓರೆ ಅಕ್ಷರ, ದೊಡ್ಡ ಪ್ರದೇಶಗಳಿಗೆ ದೊಡ್ಡಕ್ಷರ ಬಳಸುವ ರೂಢಿಯಿದೆ. ನಮಗೆ ದೊಡ್ಡಕ್ಷರ–ಸಣ್ಣಕ್ಷರ ಎಂಬುದಿಲ್ಲ. ತಂತ್ರಾಂಶ ಬಲವಂತವಾಗಿ ಓರೆ ಮಾಡಿದ ಕನ್ನಡ, ಬಸ್ಸಿನಲ್ಲಿ ನಿಂತವರು ಬ್ರೇಕ್ ಹಾಕಿದಾಗ ವಾಲಿದಂತೆ ಕಾಣುತ್ತದೆ. ನಮಗಿರುವ ಉಪಕರಣಗಳು ಬಣ್ಣ, ಗಾತ್ರ ಮತ್ತು ದಪ್ಪ. ಊರಿನ ಹೆಸರು ಕಪ್ಪು, ಕೆರೆಯ ಹೆಸರು ಗಾಢ ನೀಲಿ, ಪಂಚಾಯಿತಿಯ ಹೆಸರು ಬೂದು ಎಂದು ಮಾಡಿಬಿಟ್ಟರೆ ಇನ್ನೊಂದು ಅನುಕೂಲವೂ ಆಗುತ್ತದೆ: ನೀಲಿ ಬಣ್ಣವೇ ‘ಇದು ಕೆರೆ’ ಎಂದು ಹೇಳುವುದರಿಂದ 140 ಬಾರಿ ‘ಕೆರೆ’ ಎಂಬ ಪದವನ್ನು ಬರೆಯುವುದು ತಪ್ಪುತ್ತದೆ. ‘ಹೊಸಕೆರೆ’, ‘ಊರಮುಂದಲ ಕೆರೆ’ಯಂತಹ ಹೆಸರುಗಳಲ್ಲಿ ಮಾತ್ರ ಅದು ಉಳಿಯಲಿ, ಅಲ್ಲಿ ಅದಿಲ್ಲದೆ ಹೆಸರೇ ಇಲ್ಲ. ಫಾಂಟು ಒಂದೇ ಇರಲಿ, ತೆಳು ಮತ್ತು ದಪ್ಪ ರೂಪಗಳೆರಡೂ ಇರುವಂಥದ್ದಾಗಿರಲಿ. ನೋಟೋ ಸಾನ್ಸ್ ಕನ್ನಡ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಲಂಕಾರದ ಫಾಂಟುಗಳು ಲಗ್ನಪತ್ರಿಕೆಗೆ ಇರಲಿ.

ಅಕ್ಷರದ ಸುತ್ತ ಬಿಳಿ ಅಂಚು ಕೊಟ್ಟಿದ್ದೀರಿ. ಒಳ್ಳೆಯ ಅಭ್ಯಾಸ, ಆದರೆ ಪ್ರಮಾಣ ಮೀರಿದೆ. ತಂತ್ರಾಂಶ ತಾನಾಗಿ ಕೊಡುವುದು ಒಂದು ಮಿಲಿಮೀಟರು. ಎಂಟು ಪಾಯಿಂಟಿನ ಕನ್ನಡ ಅಕ್ಷರಕ್ಕೆ ಅದು ಚಳಿಗಾಲದ ಕಂಬಳಿ ಹೊದಿಸಿದಂತೆ. ಅದನ್ನು ಅರ್ಧಕ್ಕೆ ಇಳಿಸಿ, ಅಂಚಿನ ಬಣ್ಣ ಅಚ್ಚಬಿಳಿಯಾಗಿರದೆ ಹಿನ್ನೆಲೆಯ ಬಣ್ಣವೇ ಆಗಿರಲಿ. ಕಾಲುವೆಯ ಜೊತೆಗೆ ಬಾಗುವಂತೆ ಹೆಸರು ಬರೆಯುವುದನ್ನು ಆದಷ್ಟು ತಪ್ಪಿಸಿ, ಬಾಗಿದ ಗೆರೆಯ ಮೇಲೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡುವಾಗ ಒತ್ತು, ಕೊಂಬು, ದೀರ್ಘಗಳು ತಮ್ಮ ಅಕ್ಷರದಿಂದ ಕಳಚಿಕೊಳ್ಳುವ ಅಪಾಯವಿದೆ.

ನಿಮ್ಮ ನಕ್ಷೆಯ ಈಶಾನ್ಯ ಮೂಲೆಯಲ್ಲಿ ನಾಲ್ಕಾರು ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿವೆ. ಆ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಟ್ಟಿಯಿಂದ ತಂದಿರಬೇಕು, ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇನ್ನು ಕೆಲವು ಕಾಲಂ ಶೀರ್ಷಿಕೆಗಳು ಅರ್ಧಕ್ಕೆ ಕತ್ತರಿಸಿಹೋಗಿರುವುದಕ್ಕೆ ಕಾರಣ ಶೇಪ್‌ಫೈಲ್ ಎಂಬ ಹಳೆಯ ಕಡತ ಮಾದರಿ. ಅದರಲ್ಲಿ ಕಾಲಂ ಹೆಸರಿಗೆ ಹತ್ತು ಬೈಟುಗಳಷ್ಟೇ ಜಾಗ. ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್–8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಸಂಕೇತಕ್ಕೂ ಮೂರು ಬೈಟು ಬೇಕಾದ್ದರಿಂದ ‘ಕೆರೆ’ ಎಂದು ಬರೆಯುವಷ್ಟರಲ್ಲೇ ಜಾಗ ಮುಗಿದುಹೋಗುತ್ತದೆ, ಏಕೆಂದರೆ ಅದರಲ್ಲಿ ಕ, ಎತ್ವ, ರ, ಎತ್ವ ಎಂದು ನಾಲ್ಕು ಸಂಕೇತಗಳಿವೆ. ಜಿಯೋಪ್ಯಾಕೇಜ್ ಮಾದರಿಗೆ ಬದಲಾಯಿಸಿಕೊಂಡರೆ ಈ ಕಾಟ ಇರುವುದಿಲ್ಲ.

ಎಷ್ಟೇ ಜಾಣತನದಿಂದ ಇಟ್ಟರೂ 140 ಕೆರೆಗಳ ಹೆಸರು, ಊರುಗಳ ಹೆಸರು ಎರಡೂ ದೂರದಿಂದ ಓದುವ ಗಾತ್ರದಲ್ಲಿ ಹಿಡಿಸುವುದಿಲ್ಲ. ದೊಡ್ಡ ಮೂವತ್ತು–ನಲವತ್ತು ಕೆರೆಗಳಿಗೆ ಹೆಸರು ಬರೆದು, ಎಲ್ಲ ಕೆರೆಗಳಿಗೂ ಸಂಖ್ಯೆ ಕೊಟ್ಟು, ಹಾಳೆಯಲ್ಲಿ ತಾಲ್ಲೂಕಿನ ಆಕಾರ ಖಾಲಿ ಬಿಟ್ಟ ಮೂಲೆಯಲ್ಲಿ ಪಟ್ಟಿ ಕೊಡಿ. ಜನ ಹುಡುಕುವುದು ಊರಿನ ಹೆಸರಿನಿಂದಾದ್ದರಿಂದ ಪಟ್ಟಿಯನ್ನು ಪಂಚಾಯಿತಿವಾರು, ಅದರೊಳಗೆ ಅಕಾರಾದಿಯಾಗಿ ಜೋಡಿಸಿ. ಸಂಖ್ಯೆಯನ್ನು ಮಾತ್ರ ಅಕಾರಾದಿಯಾಗಿ ಕೊಡಬೇಡಿ. ಸರಣಿಗೊಂದು ಸಂಖ್ಯೆ, ಸರಣಿಯೊಳಗೆ ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಕ್ರಮಸಂಖ್ಯೆ ಇರಲಿ: ಮೂರನೆಯ ಸರಣಿಯ ತಲೆಯ ಕೆರೆ 3–1, ಅದರ ಕೋಡಿ ನೀರು ಸೇರುವುದು 3–2, ಹೀಗೆ. ಆಗ ಸಂಖ್ಯೆಯೇ ಹರಿವನ್ನು ಹೇಳುತ್ತದೆ. ‘ನಮ್ಮದು 3–5, ಮೇಲಿನ ನಾಲ್ಕು ತುಂಬದೆ ನಮಗೆ ನೀರಿಲ್ಲ’ ಎಂದು ಸದಸ್ಯರೊಬ್ಬರು ನಕ್ಷೆ ನೋಡಿ ಹೇಳಿಬಿಟ್ಟರೆ ನಿಮ್ಮ ಕೆಲಸ ಆಯಿತು.

ಸಣ್ಣ ಸಂಖ್ಯೆಗಳೂ ಸಣ್ಣ ಕೆರೆಗಳ ಹೆಸರೂ ಓದುವ ದೂರದ ಮುನ್ನೂರರಲ್ಲಿ ಒಂದು ಪಾಲು ಎಂಬ ಲೆಕ್ಕಕ್ಕೆ ಒಳಪಡಬೇಕಾಗಿಲ್ಲ. ದೂರದಿಂದ ತನ್ನ ಊರಿನ ದಿಕ್ಕು ಕಂಡುಕೊಂಡವನು ಆಮೇಲೆ ಬೆರಳಿಡುವಷ್ಟು ಹತ್ತಿರ ಬಂದೇ ಬರುತ್ತಾನೆ. ಹೆಸರುಗಳ ಅಂತಿಮ ಜಾಗವನ್ನು ಲೇಬಲ್ ಸರಿಸುವ ಉಪಕರಣದಿಂದ ಕೈಯಲ್ಲೇ ಸರಿಪಡಿಸಿ. ತಂತ್ರಾಂಶ ನೂರಕ್ಕೆ ಎಂಬತ್ತು ಹೆಸರನ್ನು ಸರಿಯಾಗಿ ಇಟ್ಟರೆ ಅದೇ ಪುಣ್ಯ, ಉಳಿದದ್ದಕ್ಕೆ ಒಂದು ಮಧ್ಯಾಹ್ನ ಬೇಕು.

ಕೊನೆಗೆ ನೀವು ಕೇಳಿದ್ದಕ್ಕೆ ಬರುತ್ತೇನೆ. ಶೀರ್ಷಿಕೆ ಮೇಲೆ ಎಡಕ್ಕಿರಲಿ, ಓದಲು ಶುರು ಮಾಡುವುದು ಅಲ್ಲಿಂದ. ‘ನಕ್ಷೆ’ ಎಂಬ ಪದವೂ ಸಂಸ್ಥೆಯ ಹೆಸರೂ ದೊಡ್ಡದಾಗಿರಬೇಕಿಲ್ಲ, ತಾಲ್ಲೂಕಿನ ಹೆಸರು ಮತ್ತು ‘ಕೆರೆಗಳು, ನೀರಿನ ದಾರಿ’ ಎಂಬುದು ದೊಡ್ಡದಾಗಿರಲಿ. ಪ್ರಾಯೋಜಕರ ಭಾವಚಿತ್ರಗಳು ಫ್ಲೆಕ್ಸಿಗೆ ಸಲ್ಲುತ್ತವೆ, ನಕ್ಷೆಗಲ್ಲ. ಅದನ್ನು ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಾದರೂ ಇರಬೇಕು. ಸೂಚಿಯನ್ನು ಕೆರೆಗಳ ಪಟ್ಟಿಯ ಪಕ್ಕದಲ್ಲೇ ಇಡಿ. ಅದರಲ್ಲಿ ಈಗ ‘ಕೆರೆ_ಫೈನಲ್_2’ ಎಂಬ ಕಡತದ ಹೆಸರೇ ಅಚ್ಚಾಗಿದೆ, ತಿದ್ದಿಕೊಳ್ಳಿ. ಸೂಚಿಯಲ್ಲಿಯೂ ಕೆರೆ, ಏರಿ, ಕೋಡಿ, ಕಾಲುವೆ ಮೊದಲು ಬರಲಿ, ಗಡಿಗಳು ಕೊನೆಗೆ. ಉತ್ತರದ ಬಾಣ ಒಂದು ಬೆರಳಗಲ ಸಾಕು. ರಾಜ್ಯದಲ್ಲಿ ತಾಲ್ಲೂಕು ಎಲ್ಲಿದೆ ಎಂದು ತೋರಿಸುವ ಪುಟ್ಟ ನಕ್ಷೆ ಆ ತಾಲ್ಲೂಕಿನವರಿಗೆ ಬೇಕಿಲ್ಲ. ಸುತ್ತ ಜೋಡಿಗೆರೆಯ ಚೌಕಟ್ಟೂ ಬೇಡ. ಮಾಹಿತಿಯ ಮೂಲ, ತಯಾರಿಸಿದ ತಿಂಗಳು–ವರ್ಷ ಕೆಳಗೆ ಸಣ್ಣ ಅಕ್ಷರದಲ್ಲಿರಲಿ; ರಸ್ತೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ತಂದಿದ್ದರೆ ಅದರ ಕೊಡುಗೆದಾರರನ್ನು ಹೆಸರಿಸುವುದು ಕಡ್ಡಾಯ.

ಅಳತೆಪಟ್ಟಿಯನ್ನು ಮಾತ್ರ ಅಲಕ್ಷ್ಯ ಮಾಡಬೇಡಿ. ನೀವು ‘1:1,00,000’ ಎಂದು ಬರೆದು ಪಟ್ಟಿಯನ್ನು ಬಿಟ್ಟಿದ್ದೀರಿ. ಎ3 ಹಾಳೆಯನ್ನು ಯಾರಾದರೂ ಎ4ಕ್ಕೆ ಇಳಿಸಿ ಝೆರಾಕ್ಸ್ ಮಾಡಿದ ಕೂಡಲೇ ಆ ಸಂಖ್ಯೆ ಸುಳ್ಳಾಗಿ, ನಿಜವಾದ ಸ್ಕೇಲ್ ಸುಮಾರು 1:1,41,000 ಆಗಿರುತ್ತದೆ. ಅಳತೆಪಟ್ಟಿ ಹಾಳೆಯ ಜೊತೆಗೇ ಕುಗ್ಗುವುದರಿಂದ ಅದು ಎಂದಿಗೂ ಸುಳ್ಳು ಹೇಳುವುದಿಲ್ಲ. ಅದರ ಹಿಂದಿರುವ ನಿರ್ದೇಶಾಂಕ ಪದ್ಧತಿಯೂ (ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕ) ಸರಿಯಿರಬೇಕು. ನಿಮ್ಮ ಕಡತ ಅಂತರ್ಜಾಲ ನಕ್ಷೆಗಳು ಬಳಸುವ ವೆಬ್ ಮರ್ಕೇಟರಿನಲ್ಲಿದೆ. ನಿಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಅದು ಉದ್ದವನ್ನು ಶೇ. 2.6ರಷ್ಟು, ವಿಸ್ತೀರ್ಣವನ್ನು ಶೇ. 5ಕ್ಕೂ ಹೆಚ್ಚು ಹಿಗ್ಗಿಸುತ್ತದೆ. ನೂರು ಎಕರೆಯ ಕೆರೆ ನೂರೈದು ಎಕರೆಯಾಗುತ್ತದೆ. ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ ವಲಯಗಳಾಗಿ ಹಂಚಿಕೊಂಡು ಅಳೆಯುವ ಯುಟಿಎಂ ಪದ್ಧತಿಗೆ ಬದಲಾಯಿಸಿ. ಕರ್ನಾಟಕದ ಬಹುಭಾಗ 43ನೆಯ ವಲಯದಲ್ಲಿದ್ದರೂ ಎರಡು ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ನಿಮ್ಮ ಜಿಲ್ಲೆಯಲ್ಲೇ ಹಾದುಹೋಗುತ್ತದೆ. ತಾಲ್ಲೂಕಿನ ಹೆಚ್ಚಿನ ಭಾಗ ಯಾವ ಕಡೆಗಿದೆಯೋ ಆ ಒಂದೇ ವಲಯವನ್ನು ಇಡೀ ನಕ್ಷೆಗೆ ಬಳಸಿ, ಎರಡನ್ನು ಬೆರೆಸಬೇಡಿ. ಗಡಿ ದಾಟಿದ ತುಣುಕಿನಲ್ಲಿ ಬರುವ ವ್ಯತ್ಯಾಸ ಈ ಸ್ಕೇಲಿನಲ್ಲಿ ಕಣ್ಣಿಗೆ ಕಾಣುವಷ್ಟಿಲ್ಲ.

ಮುದ್ರಣದ ಅಂಗಡಿಯ ಬಗ್ಗೆ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಮಾಡಿದ ನಕ್ಷೆಯೊಂದನ್ನು ಅಂಗಡಿಯವರು ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಬಿಟ್ಟುಕೊಂಡೇ ಮುದ್ರಿಸಿದರು. ಹಾಳೆ ಶೇ. 4ರಷ್ಟು ಕುಗ್ಗಿತ್ತು, ಯಾರಿಗೂ ಗೊತ್ತಾಗಲಿಲ್ಲ, ನನಗೂ. ಆ ಹಾಳೆಯ ಮೇಲೆ ಅಡಿಪಟ್ಟಿಯಿಟ್ಟು ಕಾಲುವೆಯ ಉದ್ದ ಅಳೆದು ಅಂದಾಜು ಪಟ್ಟಿ ಮಾಡಿದವರಿಗೆ ಮಾತ್ರ ಅಷ್ಟೂ ಕಡಿಮೆ ಬಂತು. ಅಂದಿನಿಂದ ಅಂಗಡಿಯಲ್ಲೇ ಅಡಿಪಟ್ಟಿ ತೆಗೆದು ಅಳತೆಪಟ್ಟಿಯನ್ನು ಅಳೆಯುತ್ತೇನೆ. 1:50,000ರಲ್ಲಿ ಐದು ಕಿಲೋಮೀಟರು ಸರಿಯಾಗಿ ಹತ್ತು ಸೆಂಟಿಮೀಟರು ಇರಬೇಕು. ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ರೇಖಾರೂಪಕ್ಕೆ ಬದಲಾಯಿಸುವ ಆಯ್ಕೆ ಇಟ್ಟುಕೊಳ್ಳಿ, ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಹೊಳೆಯುವ ಲ್ಯಾಮಿನೇಷನ್ ಬೇಡ, ಕಚೇರಿಯ ಟ್ಯೂಬ್‌ಲೈಟ್ ಅದರಲ್ಲಿ ಪ್ರತಿಫಲಿಸಿ ಅರ್ಧ ತಾಲ್ಲೂಕನ್ನು ಅಳಿಸಿಹಾಕುತ್ತದೆ.

ಎಲ್ಲ ಪಂಚಾಯಿತಿಗಳಿಗೂ ಮುದ್ರಿಸುವ ಮೊದಲು ಒಂದೇ ಪ್ರತಿ ತೆಗೆಸಿ, ಯಾವುದಾದರೂ ಒಂದು ಊರಿಗೆ ಹೋಗಿ ಗೋಡೆಗೆ ಅಂಟಿಸಿ. ಆ ಊರಿನ ನೀರುಗಂಟಿಯನ್ನು, ಅಂದರೆ ಕೆರೆಯ ನೀರು ಹಂಚುವವರನ್ನು ಕರೆದು, ನೀವೇನೂ ವಿವರಿಸದೆ, ‘ಯಜಮಾನರೇ, ನಿಮ್ಮ ಕೆರೆ ಯಾವುದು, ಅದಕ್ಕೆ ನೀರು ಬರುವ ದಾರಿಯನ್ನು ಬೆರಳಲ್ಲಿ ತೋರಿಸಿ’ ಎಂದು ಕೇಳಿ. ಬೆರಳು ಎಲ್ಲಿ ತಡವರಿಸಿತು ಎಂಬುದನ್ನು ಬರೆದುಕೊಳ್ಳಿ, ನಕ್ಷೆಯಲ್ಲಿ ತಿದ್ದಬೇಕಾದದ್ದು ಅಲ್ಲೇ ಇದೆ. ‘ಇಲ್ಲಿ ಕಾಲುವೆ ಹೀಗೆ ಹೋಗುವುದಿಲ್ಲ’ ಎಂದು ಅವರು ಹೇಳಿದರೆ ಉಪಗ್ರಹ ಚಿತ್ರ ತೋರಿಸಿ ವಾದಿಸಬೇಡಿ. ಅವರ ಜೊತೆ ಆ ಜಾಗಕ್ಕೆ ನಡೆದುಹೋಗಿ ನೋಡಿಕೊಂಡು ಬನ್ನಿ.